ಒಡೆದ ಕನ್ನಡಿ ದರಿದ್ರವೇ? ಲಂಬಾಣಿ ಉಡುಪಿನ ಗಾಜು ಹೇಳುವುದೇ ಬೇರೆ

ಒಡೆದ ಕನ್ನಡಿ ಮನೆಯಲ್ಲಿದ್ದರೆ ದರಿದ್ರ, 7 ವರ್ಷ ಕಷ್ಟ ತಪ್ಪಿದ್ದಲ್ಲ ಎನ್ನುವ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಈ 7 ವರ್ಷದ ಲೆಕ್ಕ ಯುರೋಪಿನ ಹಳೆಯ ನಂಬಿಕೆ. ನಮ್ಮೂರ ಶಕುನದ ಜೊತೆ ಅದನ್ನು ಯಾರೋ ಸೇರಿಸಿ ಕಳುಹಿಸುತ್ತಿದ್ದಾರೆ.

ಲಿಂಗಸುಗೂರು, ಮಸ್ಕಿ ಕಡೆಯ ತಾಂಡಾಗಳಲ್ಲಿ ಹೆಣ್ಣುಮಕ್ಕಳು ಮದುವೆ, ಹೋಳಿಗೆ ಉಡುವ ಪೇಟಿಯಾ, ಕಾಂಚಳಿ ನೋಡಿ. ಮೈತುಂಬ ಕನ್ನಡಿ ಚೂರುಗಳೇ! ಒಡೆದ ಕನ್ನಡಿ ಅಪಶಕುನವಾಗಿದ್ದರೆ ಅದನ್ನು ಶುಭದಿನಕ್ಕೆ ಯಾರು ತೊಡುತ್ತಿದ್ದರು?

ಹಳೆಯ ಪದ್ಧತಿಯಲ್ಲಿ ಈ ಚೂರುಗಳು ನಿಜಕ್ಕೂ ಒಡೆದವೇ. ಕರಗಿದ ಗಾಜನ್ನು ಊದಿ ದೊಡ್ಡ ಬುರುಡೆ ಮಾಡಿ, ಒಳಗೆ ಲೋಹದ ಲೇಪ ಹಚ್ಚಿ, ಆಮೇಲೆ ಒಡೆಯುತ್ತಿದ್ದರು. ಗುಜರಾತಿನ ಕಪಡ್‌ವಂಜ್ ಇದಕ್ಕೆ ಹೆಸರಾದ ಊರು. ಬುರುಡೆಯ ಚೂರಾದ್ದರಿಂದ ಪ್ರತಿ ತುಣುಕೂ ಸ್ವಲ್ಪ ಉಬ್ಬಿರುತ್ತದೆ. ಗುಟ್ಟು ಇರುವುದು ಇಲ್ಲೇ. ಚಪ್ಪಟೆ ಕನ್ನಡಿ ಬಿಸಿಲನ್ನು ಒಂದೇ ದಿಕ್ಕಿಗೆ ಎಸೆಯುತ್ತದೆ. ಆ ದಾರಿಯಲ್ಲಿ ನಿಮ್ಮ ಕಣ್ಣಿದ್ದರೆ ಮಾತ್ರ ಹೊಳಪು ಕಾಣುತ್ತದೆ. ಉಬ್ಬುಗನ್ನಡಿ, ಬೈಕಿನ ಕನ್ನಡಿಯಂತೆ, ಅಗಲವಾಗಿ ಹರಡುತ್ತದೆ. ಹೀಗಾಗಿ ಎಲ್ಲಿ ನಿಂತು ನೋಡಿದರೂ ಒಂದು ಕಿಡಿಯಾದರೂ ಕಾಣುತ್ತದೆ. ಈಗ ಯಂತ್ರದಲ್ಲಿ ಕತ್ತರಿಸಿದ ಚಪ್ಪಟೆ ಬಿಲ್ಲೆಗಳೇ ಹೆಚ್ಚು. ಆದರೂ ನೆರಿಗೆಯ ಲಂಗ ಕುಣಿದಾಗ ಒಂದೊಂದು ಬಿಲ್ಲೆ ಒಂದೊಂದು ಕೋನಕ್ಕೆ ತಿರುಗಿ ಅದೇ ಕೆಲಸ ಮಾಡುತ್ತದೆ.

ಬರೀ ಗಾಜು ನೇರವಾಗಿ ಬಿದ್ದ ಬೆಳಕಿನಲ್ಲಿ ಒಂದು ಮೈಯಿಂದ ಸುಮಾರು 4 ಶೇಕಡಾ ಮಾತ್ರ ಹಿಂದಿರುಗಿಸುತ್ತದೆ. ಹಿಂದಿನ ಬೆಳ್ಳಿ ಅಥವಾ ಅಲ್ಯೂಮಿನಿಯಂ ಲೇಪ 90 ಶೇಕಡಾದ ಆಸುಪಾಸು. ಹೊಳೆಯುವುದು ಲೋಹ; ಅದನ್ನು ಬೆವರು, ಉಜ್ಜಾಟದಿಂದ ಕಾಯುವುದು ಗಾಜು.

2003ರಲ್ಲಿ ಒಲಾಫರ್ ಎಲಿಯಾಸನ್ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಚಾವಣಿಗೆ ಕನ್ನಡಿ ಹಾಸಿ, ದೀಪಗಳಿಂದ ಕೃತಕ ಸೂರ್ಯ ತೋರಿಸಿದಾಗ ಜಗತ್ತು ಅದನ್ನು ಕಲೆ ಎಂದಿತು. ತಾಂಡಾದ ಅಜ್ಜಿ ಅದೇ ಎರಡು ಸಾಮಗ್ರಿ ಬಳಸಿದರೆ ನಾವು ‘ಡ್ರೆಸ್’ ಎನ್ನುತ್ತೇವೆ. ಈ ಭಾಗಕ್ಕೆ ಗಾಜೇನೂ ಹೊಸದಲ್ಲ: ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ನಡೆಸಿದ ಉತ್ಖನನದಲ್ಲಿ ಗಾಜಿನ ಮಣಿಗಳೂ ಸಿಕ್ಕಿವೆ.

ಕನ್ನಡಿ ಕಂಡರೆ ಕಾಡುಪ್ರಾಣಿ ಓಡುತ್ತವೆ, ಅದಕ್ಕೇ ಲಂಬಾಣಿಗರು ಹೊಲಿದುಕೊಂಡರು ಎನ್ನುವ ಮಾತೂ ಇದೆ. ಅರ್ಧ ಸರಿ. ದಿಢೀರ್ ಮಿಂಚು ಪ್ರಾಣಿ, ಪಕ್ಷಿಗಳನ್ನು ಬೆಚ್ಚಿಸುತ್ತದೆ. ಹೊಲಕ್ಕೆ ಹೊಳೆಯುವ ರಿಬ್ಬನ್ ಕಟ್ಟುವುದು ಅದಕ್ಕೇ. ಆದರೆ ಕೆಲ ದಿನಗಳಲ್ಲಿ ಅವು ಒಗ್ಗಿಕೊಳ್ಳುತ್ತವೆ.

ಒಡೆದ ಕನ್ನಡಿಯ ನಿಜವಾದ ಅಪಾಯ ಕೈ, ಕಾಲು ಕುಯ್ಯುವುದಷ್ಟೇ. ದಪ್ಪ ಕಾಗದದಲ್ಲಿ ಸುತ್ತಿ ಬಿಸಾಡಿ.

ಲಂಬಾಣಿ ಕಸೂತಿ ಎಂದು ಪ್ಲಾಸ್ಟಿಕ್ ಬಿಲ್ಲೆ ಅಂಟಿಸಿದ ಬಟ್ಟೆಯನ್ನೂ ಮಾರುತ್ತಾರೆ. ಸಿಂಧನೂರಿನ ಅಂಗಡಿಯಾಗಲಿ, ಆನ್‌ಲೈನ್ ಆಗಲಿ, ಬಟ್ಟೆ ಕೈಗೆ ಬಂದಾಗ ಬಿಲ್ಲೆಯನ್ನು ಮುಟ್ಟಿ ನೋಡಿ. ಗಾಜು ತಣ್ಣಗಿರುತ್ತದೆ, ಏಕೆಂದರೆ ಅದು ಪ್ಲಾಸ್ಟಿಕ್‌ಗಿಂತ ಬೇಗ ಬೆರಳಿನ ಶಾಖ ಎಳೆದುಕೊಳ್ಳುತ್ತದೆ. ಕೈಕೆಲಸದಲ್ಲಿ ಬಿಲ್ಲೆಗೆ ತೂತು ಇರುವುದಿಲ್ಲ. ಅಡ್ಡಡ್ಡ ದಾರ ಹಾಯಿಸಿ, ಸುತ್ತ ಕುಣಿಕೆ ಹೊಲಿಗೆಯಿಂದ ಬಿಗಿದಿರುತ್ತಾರೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ವೇಳೆ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರ 1,755 ಕಸೂತಿ ತುಣುಕುಗಳು ಗಿನ್ನೆಸ್ ದಾಖಲೆ ಸೇರಿದವು. ಜಿಐ ಮಾನ್ಯತೆಯೂ ಸಂಡೂರಿನ ಕಸೂತಿಗಿದೆ. ಲಿಂಗಸುಗೂರಿನ ತಾಂಡಾದಲ್ಲಿ ಹೊಲಿದದ್ದಕ್ಕೆ ಆ ಗುರುತು ಇಲ್ಲದಿದ್ದರೆ ಅದು ನಕಲಿ ಎಂದಲ್ಲ. ಹೊಲಿದವರು ಯಾರು, ಅವರ ಕೈಗೆ ಎಷ್ಟು ಸೇರಿತು ಎಂದು ಮಾರುವವರನ್ನು ಕೇಳಿ.