ಎರಡು ತಿಂಗಳ ಏಕಾಂತ

ಉತ್ತರದ ಗಿರಿಪ್ರಾಂತ್ಯದ ಪುಟ್ಟ ಊರೊಂದರಿಂದ ಆಹ್ವಾನ ಬಂದಿದೆ. ಪುಷ್ಯ, ಮಾಘ ಎರಡು ತಿಂಗಳೂ ಅಲ್ಲಿದ್ದು ಬರೆಯಬಹುದು. ಊಟ ವಸತಿಗಳ ಹೊಣೆ ಅವರದು. ಮೂರು ವರ್ಷಗಳಿಂದ ಏಳನೆಯ ಅಧ್ಯಾಯವನ್ನು ದಾಟದ ನನ್ನ ಕಾದಂಬರಿಗೆ ಇದಕ್ಕಿಂತ ಭಾಗ್ಯವುಂಟೆ? ಆದರೂ ನನ್ನ ಒಪ್ಪಿಗೆಯ ಪತ್ರ ಇನ್ನೂ ಮೇಜಿನ ಮೇಲೆಯೇ ಇದೆ.

ಸಂಜೆ ಗೋಕುಲಂನಿಂದ ಯಾದವಗಿರಿಯತ್ತ ನಡೆದರೆ ಆರ್. ಕೆ. ನಾರಾಯಣರ ಮನೆ ಸಿಗುತ್ತದೆ. 2016ರಿಂದ ಅದು ವಸ್ತುಸಂಗ್ರಹಾಲಯ. ಬರೆಯಲೆಂದೇ ಎಂಟು ಕಿಟಕಿಗಳ ಕೋಣೆಯನ್ನು ಕಟ್ಟಿಸಿಕೊಂಡಿದ್ದ ಆ ಮಹನೀಯರು, 1956ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಅಮೆರಿಕೆಗೆ ತೆರಳಿ, ಬರ್ಕ್ಲಿಯ ಹೋಟೆಲಿನ ಕೋಣೆಯೊಂದರಲ್ಲಿ ‘ದಿ ಗೈಡ್’ ಬರೆದರು. ಅಷ್ಟು ದೂರ ಹೋಗಿ ಬರೆದುದಾದರೂ ಏನನ್ನು? ನಮ್ಮ ಸೀಮೆಯ ಬರಗಾಲವನ್ನು! ಕನ್ನಂಬಾಡಿ ಬತ್ತಿ, ಮುಳುಗಿದ್ದ ಗುಡಿ ಬಯಲಾದ ವರ್ಷ, ಬ್ರಾಹ್ಮಣರು ಕಾವೇರಿಯ ಪಾತ್ರದಲ್ಲಿ ಮಂಡಿಯುದ್ದ ನೀರಿನಲ್ಲಿ ನಿಂತು ಹನ್ನೊಂದು ದಿನ ಜಪಿಸಿದರೆಂದೂ ಹನ್ನೆರಡನೆಯ ದಿನ ಮಳೆಯಾಯಿತೆಂದೂ ಅವರೇ ಬರೆದಿದ್ದಾರೆ. 1958ರಲ್ಲಿ ಅಚ್ಚಾದ ಆ ಕೃತಿಗೆ 1960ರಲ್ಲಿ ಸಾಹಿತ್ಯ ಅಕಾಡೆಮಿಯ ಮನ್ನಣೆ ದೊರೆಯಿತು.

“ನೀವೂ ಹೋಗಿ ಬನ್ನಿ” ಎನ್ನುತ್ತಾಳೆ ನನ್ನಾಕೆ.

ನನ್ನ ಅಂಜಿಕೆಯೇ ಬೇರೆ. ಇಲ್ಲಿ ಉತ್ತರಪತ್ರಿಕೆಗಳ ಕಟ್ಟು, ಮಗುವಿನ ಕೆಮ್ಮು, ಬಾಗಿಲು ತಟ್ಟುವ ಬಂಧುಗಳು. ಬರೆಯದಿರುವುದಕ್ಕೆ ನೆಪಗಳು ಧಾರಾಳ. ಅಲ್ಲಿ ಹಿಮ, ಮೌನ, ಬಿಳಿಯ ಹಾಳೆ. ಅಲ್ಲಿಯೂ ಲೇಖನಿ ಮುಂದೆ ಸಾಗದಿದ್ದರೆ ಯಾರನ್ನು ದೂರಲಿ? ಇದನ್ನು ಬಾಯಿಬಿಟ್ಟು ಹೇಳಿದೆ. ಅವಳು ಮರುಮಾತಾಡದೆ, ಟ್ರಂಕಿನ ತಳದಲ್ಲಿದ್ದ ನಮ್ಮ ಮಾವನವರ ಉಣ್ಣೆಯ ಕೋಟನ್ನು ತೆಗೆದು ಬಿಸಿಲಿಗೆ ಹರವಿದಳು.