ಪಶ್ಚಾತ್ತಾಪವೆಂಬ ಸಾಕ್ಷ್ಯ

ಕೊಲೆಯ ಅಪರಾಧ ಸಿದ್ಧವಾದ ಮೇಲೆ, ಗಲ್ಲೋ ಜೀವಾವಧಿಯೋ ಎಂಬುದನ್ನು ನಿರ್ಣಯಿಸುವ ಮುನ್ನ, ನಮ್ಮ ದೇಶದ ನ್ಯಾಯಾಲಯವು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿದೆ: ಈ ಮನುಷ್ಯನು ತಿದ್ದಿಕೊಳ್ಳಬಲ್ಲನೆ? ಪ್ರಶ್ನೆ ಹೊಸದೇನೂ ಅಲ್ಲ. 1980ರಲ್ಲಿ ಬಚನ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು ಮರಣದಂಡನೆ ಸಂವಿಧಾನಬದ್ಧವೆಂದು ಎತ್ತಿಹಿಡಿಯಿತು. ಎತ್ತಿಹಿಡಿಯುವಾಗಲೇ ಅದಕ್ಕೊಂದು ಕಟ್ಟಳೆಯನ್ನೂ ಹಾಕಿತು. ಅಪರಾಧಿಯು ತಿದ್ದಿಕೊಳ್ಳಲಾರನು, ಸಮಾಜಕ್ಕೆ ಮುಂದೆಯೂ ಅಪಾಯಕಾರಿಯಾಗಿಯೇ ಉಳಿಯುವನು ಎಂಬುದನ್ನು ಸರಕಾರವೇ ಸಾಕ್ಷ್ಯದಿಂದ ತೋರಿಸಬೇಕು. ತಾನು ಒಳ್ಳೆಯವನಾಗಬಲ್ಲೆನೆಂದು ಆತನೇ ರುಜುವಾತು ಮಾಡಬೇಕಾಗಿಲ್ಲ. ಮಾತು ಸ್ಪಷ್ಟವಾಗಿಯೇ ಇತ್ತು. ಆದರೂ ನಾಲ್ಕು ದಶಕಗಳ ಕಾಲ ಬಹುಪಾಲು ಮೊಕದ್ದಮೆಗಳಲ್ಲಿ ಅದು ತೀರ್ಪಿನ ಹಾಳೆಗಳಲ್ಲಿ ಉಲ್ಲೇಖವಾಗುವ ವಾಕ್ಯವಾಗಿ ಉಳಿಯಿತೇ ಹೊರತು, ಅಂಥ ಸಾಕ್ಷ್ಯವನ್ನು ಯಾರೂ ತಂದದ್ದಿಲ್ಲ, ತರಿಸಿದ್ದೂ ಇಲ್ಲ.

2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಮನೋಜ್ ಮತ್ತಿತರರ ಮೊಕದ್ದಮೆಯಲ್ಲಿ ಸ್ಥಿತಿ ಬದಲಾಯಿತು. ಇಂದೂರಿನಲ್ಲಿ ಒಂದೇ ಮನೆಯ ಮೂವರು ಹೆಂಗಸರನ್ನು ಕೊಂದ ಪ್ರಕರಣವದು; ಮೂವರಿಗೆ ಗಲ್ಲಿನ ಶಿಕ್ಷೆಯಾಗಿತ್ತು. ಸರ್ವೋಚ್ಚ ನ್ಯಾಯಾಲಯವು ಅದನ್ನು ಕನಿಷ್ಠ 25 ವರ್ಷಗಳ ಸೆರೆವಾಸಕ್ಕೆ ಇಳಿಸಿತು. ಅದಕ್ಕಿಂತ ಮುಖ್ಯವಾಗಿ, ಮುಂದಿನ ಎಲ್ಲ ಮರಣದಂಡನೆಯ ಮೊಕದ್ದಮೆಗಳಲ್ಲಿಯೂ ಶಿಕ್ಷೆ ವಿಧಿಸುವ ಮುನ್ನವೇ ಅಪರಾಧಿಯ ಮನೋವೈದ್ಯಕೀಯ ಹಾಗೂ ಮನೋವೈಜ್ಞಾನಿಕ ಪರೀಕ್ಷೆಯ ವರದಿಯನ್ನು, ಸೆರೆಮನೆಯಲ್ಲಿ ಆತನ ನಡತೆಯ ವಿವರವನ್ನು, ಆತನ ಬಾಲ್ಯ, ಕುಟುಂಬ, ವಿದ್ಯಾಭ್ಯಾಸಗಳ ವೃತ್ತಾಂತವನ್ನು ಸರಕಾರವು ನ್ಯಾಯಾಲಯದ ಮುಂದಿಡಬೇಕೆಂದು ವಿಧಿಸಿತು. 2025ರ ಆಗಸ್ಟಿನಲ್ಲಿ ನಾಗಪುರದ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ಕ್ರಮವನ್ನು ಪಾಲಿಸದೆ ಅಂತಿಮವಾಗಿದ್ದ ಗಲ್ಲಿನ ಶಿಕ್ಷೆಯನ್ನು ಸಂವಿಧಾನದ 32ನೆಯ ಅನುಚ್ಛೇದದ ಮೂಲಕ ಮತ್ತೆ ವಿಚಾರಣೆಗೆ ತರಬಹುದೆಂದು ಹೇಳಿತು. ಆ ವರ್ಷದ ಜುಲೈನಲ್ಲಿಯೇ ನಮ್ಮ ಬಳ್ಳಾರಿ ಜಿಲ್ಲೆಯ ಪ್ರಕರಣವೊಂದು ಹೀಗೆ ತೀರ್ಮಾನವಾಗಿತ್ತು. ಹೆಂಡತಿಯನ್ನೂ ಆಕೆಯ ತಂಗಿಯನ್ನೂ ಮೂರು ಎಳೆಯ ಮಕ್ಕಳನ್ನೂ ಕೊಂದವನಿಗೆ ಕೆಳಗಿನ ನ್ಯಾಯಾಲಯ ವಿಧಿಸಿದ, ನಮ್ಮ ಉಚ್ಚ ನ್ಯಾಯಾಲಯ ಖಾಯಂ ಮಾಡಿದ ಗಲ್ಲಿನ ಶಿಕ್ಷೆಯನ್ನು, ಇಂಥ ವರದಿಗಳನ್ನು ನೋಡಿದ ಬಳಿಕ, ಉಸಿರಿರುವ ತನಕದ ಸೆರೆವಾಸಕ್ಕೆ ಬದಲಾಯಿಸಲಾಯಿತು. ಅಪರಾಧದ ಘೋರತೆಯನ್ನು ನ್ಯಾಯಾಲಯ ಕಡಿಮೆ ಮಾಡಿ ಹೇಳಲಿಲ್ಲ. ಮಕ್ಕಳನ್ನು ಕಳೆದುಕೊಂಡ ಮನೆಯವರಿಗೆ ಈ ವ್ಯತ್ಯಾಸ ಎಷ್ಟರಮಟ್ಟಿಗೆ ಸಮಾಧಾನ ತಂದೀತು ಎಂದು ಕೇಳುವವರ ಬಾಯಿ ಮುಚ್ಚಿಸುವುದೂ ಸರಿಯಲ್ಲ.

ಹೀಗೆ ಮನಶ್ಶಾಸ್ತ್ರಜ್ಞನು ನ್ಯಾಯಾಲಯದ ಒಳಗೆ ಬಂದು ಕುಳಿತಿದ್ದಾನೆ. ನಮ್ಮ ಸರಕಾರಿ ಪರಿಭಾಷೆಯಲ್ಲಿ 'ಫೋರೆನ್ಸಿಕ್' ಎಂಬುದಕ್ಕೆ 'ವಿಧಿವಿಜ್ಞಾನ' ಎಂದು ಹೆಸರು. ಯಾರಿಟ್ಟರೋ ಕಾಣೆ, ಕನ್ನಡದ ಕಿವಿಗೆ ಈ 'ವಿಧಿ'ಯಲ್ಲಿ ಕಾನೂನಿಗಿಂತ ಮೊದಲು ಕೇಳಿಸುವುದು ಹಣೆಬರಹ. ಇರಲಿ, ಆ ಶ್ಲೇಷೆಗೆ ಮುಂದೆ ಬರೋಣ. ಈ ವಿದ್ಯೆಗೆ ಬೆಂಗಳೂರಿನೊಡನೆ ಹಳೆಯ ನಂಟೊಂದಿದೆ, ಅದು ಹೆಮ್ಮೆಪಡತಕ್ಕದ್ದಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಆರೋಪಿಗಳಿಗೆ ಮಂಪರು ಮದ್ದು ಚುಚ್ಚಿ ಬಾಯಿಬಿಡಿಸುವ ಪರೀಕ್ಷೆಗಳಿಗೆ ನಮ್ಮ ನಗರ ದೇಶದಲ್ಲೆಲ್ಲ ಹೆಸರಾಗಿತ್ತು. 2010ರ ಮೇ 5ರಂದು, ಕರ್ನಾಟಕ ಸರಕಾರವೇ ಎದುರುವಾದಿಯಾಗಿದ್ದ ಸೆಲ್ವಿ ಮೊಕದ್ದಮೆಯಲ್ಲಿ, ಒಪ್ಪಿಗೆಯಿಲ್ಲದೆ ಅಂಥ ಪರೀಕ್ಷೆ ನಡೆಸುವುದು ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ ಸಾರಿತು. ಮನಸ್ಸನ್ನು ಬೀಗ ಒಡೆದು ಪ್ರವೇಶಿಸುವ ಆ ವಿದ್ಯೆಗೂ, ಎದುರಿಗೆ ಕುಳಿತು ಮಾತಾಡಿಸಿ ತಿಳಿಯುವ ಈ ವಿದ್ಯೆಗೂ ಅಂತರ ಬಹಳ. ಆದರೆ ಎರಡನೆಯದೂ ತನ್ನ ಅಳತೆ ಮೀರಿ ಮಾತಾಡಿದ ಚರಿತ್ರೆಯುಂಟು.

ಆ ಚರಿತ್ರೆಯನ್ನು ವಾಚಕರು ಸ್ವಲ್ಪ ನೋಡಬೇಕು. 1966ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಬ್ಯಾಕ್ಸ್‌ಸ್ಟ್ರಾಮ್ ಎಂಬವನ ಅರ್ಜಿಯ ಮೇಲೆ ಕೊಟ್ಟ ತೀರ್ಪಿನಿಂದಾಗಿ, ನ್ಯೂಯಾರ್ಕ್ ಸಂಸ್ಥಾನದಲ್ಲಿ ಅಪರಾಧಿ ಹುಚ್ಚರೆಂದು ವಿಶೇಷ ಆಸ್ಪತ್ರೆಗಳಲ್ಲಿ ಕೂಡಿಹಾಕಿದ್ದ 967 ಮಂದಿಯನ್ನು ಸಾಮಾನ್ಯ ಮಾನಸಿಕ ಆಸ್ಪತ್ರೆಗಳಿಗೆ ಕಳುಹಿಸಬೇಕಾಯಿತು. ಇವರನ್ನು ಹೊರಗೆ ಬಿಡಲಾಗದಷ್ಟು ಅಪಾಯಕಾರಿಗಳೆಂದು ವೈದ್ಯರು ವರ್ಷವರ್ಷವೂ ಬರೆದುಕೊಡುತ್ತಿದ್ದರು. ಹೆನ್ರಿ ಸ್ಟೆಡ್‌ಮನ್ ಮತ್ತು ಜೋಸೆಫ್ ಕೊಕೋಝ ಎಂಬ ಇಬ್ಬರು ಸಂಶೋಧಕರು ನಾಲ್ಕು ವರ್ಷಗಳ ಕಾಲ ಇವರ ಜಾಡು ಹಿಡಿದು ನೋಡಿದಾಗ, ಮತ್ತೆ ಸೆರೆಮನೆಗೋ ಆ ವಿಶೇಷ ಆಸ್ಪತ್ರೆಗೋ ಮರಳಿದವರು ನೂರಕ್ಕೆ ಮೂವರೂ ಇರಲಿಲ್ಲ. ಅನೇಕರಿಗೆ ಆ ವೇಳೆಗೆ ವಯಸ್ಸಾಗಿತ್ತೆಂಬುದು ನಿಜ. ಆದರೆ ಆ ವಯಸ್ಸು ಬರೆದುಕೊಟ್ಟ ವೈದ್ಯರಿಗೂ ಕಾಣಬೇಕಾಗಿತ್ತಲ್ಲವೆ?

ಟೆಕ್ಸಸ್ ಸಂಸ್ಥಾನದ ಕಥೆ ಇನ್ನೂ ಕಹಿಯಾದದ್ದು. ಅಲ್ಲಿ ಗಲ್ಲಿಗೆ ಮುನ್ನ, ಈತ ಮುಂದೆಯೂ ಹಿಂಸೆ ಎಸಗುವನೇ ಎಂಬುದನ್ನು ಜ್ಯೂರಿ ತೀರ್ಮಾನಿಸಬೇಕು. ಜೇಮ್ಸ್ ಗ್ರಿಗ್ಸನ್ ಎಂಬ ಮನೋವೈದ್ಯ ಮೊಕದ್ದಮೆಯಿಂದ ಮೊಕದ್ದಮೆಗೆ ಸಾಕ್ಷಿ ಹೇಳಲು ಬರುತ್ತಿದ್ದ. ಕೈದಿಯನ್ನು ಒಮ್ಮೆಯೂ ಪರೀಕ್ಷಿಸದೆ, ವಕೀಲರು ಹೇಳಿದ ಸಂಗತಿಗಳನ್ನು ಕೇಳಿಕೊಂಡು, ಈತ ಮತ್ತೆ ಕೊಲ್ಲುವುದು ನೂರಕ್ಕೆ ನೂರು ನಿಶ್ಚಯವೆನ್ನುತ್ತಿದ್ದ. ಇಂಥ ದೀರ್ಘಕಾಲದ ಭವಿಷ್ಯವಾಣಿಗಳು ಮೂರರಲ್ಲಿ ಎರಡು ಸುಳ್ಳಾಗುತ್ತವೆಂದು 1983ರ ಬೇರ್‌ಫೂಟ್ ಮೊಕದ್ದಮೆಯಲ್ಲಿ ಅಮೆರಿಕದ ಮನೋವೈದ್ಯರ ಸಂಘವೇ ನ್ಯಾಯಾಲಯಕ್ಕೆ ತಿಳಿಸಿತು. ನ್ಯಾಯಾಲಯ ಆ ಮಾತನ್ನು ಕೇಳಿಯೂ ಅಂಥ ಸಾಕ್ಷ್ಯಕ್ಕೆ ಅವಕಾಶವಿತ್ತಿತು. 1995ರಲ್ಲಿ ಸಂಘವು ಗ್ರಿಗ್ಸನ್‌ನನ್ನು ಹೊರಗೆ ಹಾಕಿತು. ಬೇರ್‌ಫೂಟ್‌ನನ್ನು ಕೊಂದದ್ದು 1984ರಲ್ಲಿ.

ನಮ್ಮ ಬಚನ್ ಸಿಂಗ್ ತೀರ್ಪಿನ ವಿವೇಕವನ್ನು ನಾನು ಇಲ್ಲಿಯೇ ಕಾಣುತ್ತೇನೆ. ಅಪಾಯವನ್ನು ಮುಂಗಾಣುವುದು ಇಷ್ಟು ಕಷ್ಟವಾಗಿರುವಾಗ, ತಿಳಿಯದು ಎಂಬ ಉತ್ತರ ಬಂದರೆ ಅದು ಯಾರ ಕಡೆಗೆ ವಾಲಬೇಕು ಎಂಬುದನ್ನು ಆ ತೀರ್ಪು ಮೊದಲೇ ಗೊತ್ತುಮಾಡಿಟ್ಟಿದೆ.

ಇನ್ನು ನನ್ನಂಥ ಸಾಹಿತ್ಯದ ಅಧ್ಯಾಪಕನಿಗೆ ನಿಜವಾಗಿ ಇರಿಸುಮುರಿಸು ಉಂಟುಮಾಡುವ ವಿಷಯಕ್ಕೆ ಬರುತ್ತೇನೆ. ತಿದ್ದಿಕೊಳ್ಳುವಿಕೆಗೆ ಗುರುತು ಯಾವುದು ಎಂದು ಕೇಳಿದರೆ ನಾವೆಲ್ಲ ಒಂದೇ ಉಸಿರಿನಲ್ಲಿ ಹೇಳುವುದು ಪಶ್ಚಾತ್ತಾಪವೆಂದು. ತರಗತಿಯಲ್ಲಿ ನಾವು ಬಾಳಿಗೆ ತಂದ ಬೆಲೆಯೆಲ್ಲ ಅದರದೇ. ಬೇಡನು ವಾಲ್ಮೀಕಿಯಾದದ್ದು, ಬೆರಳಮಾಲೆಯ ಅಂಗುಲಿಮಾಲ ಭಿಕ್ಷುವಾದದ್ದು ಪಶ್ಚಾತ್ತಾಪದ ಬಾಗಿಲಿನಿಂದ. 'ಹುಟ್ಟುಗುಣ ಸುಟ್ಟರೂ ಹೋಗದು' ಎಂಬ ಗಾದೆಯೂ ನಮ್ಮದೇ ಎಂಬುದನ್ನು ಮರೆತಂತೆ ನಟಿಸುತ್ತೇವೆ. ನ್ಯಾಯಾಧೀಶರೂ ಇದೇ ಸಂಸ್ಕಾರದಲ್ಲಿ ಬೆಳೆದವರು. ಆರೋಪಿಯ ಮುಖದಲ್ಲಿ ಪಶ್ಚಾತ್ತಾಪದ ಛಾಯೆಯೂ ಕಾಣಲಿಲ್ಲ ಎಂಬ ಮಾತು ಗಲ್ಲಿನ ತೀರ್ಪುಗಳಲ್ಲಿ ಅಪರೂಪವಲ್ಲ.

ವಿಜ್ಞಾನ ಇದಕ್ಕೆ ಏನೆನ್ನುತ್ತದೆ? 2005ರಲ್ಲಿ ಕೆನಡದ ಕಾರ್ಲ್ ಹ್ಯಾನ್ಸನ್ ಮತ್ತು ಕೆಲ್ಲಿ ಮಾರ್ಟನ್-ಬೂರ್ಗಾನ್ ಅವರು ಲೈಂಗಿಕ ಅಪರಾಧಿಗಳನ್ನು ಕುರಿತ 82 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ತೂಗಿ ನೋಡಿದರು. ತಪ್ಪನ್ನು ಅಲ್ಲಗಳೆಯುವುದಕ್ಕೂ ಮತ್ತೆ ತಪ್ಪು ಮಾಡುವುದಕ್ಕೂ, ನೊಂದವರ ಬಗೆಗೆ ಮರುಕವಿಲ್ಲದಿರುವುದಕ್ಕೂ ಮತ್ತೆ ಕೈಮಾಡುವುದಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ವಿಕೃತ ಕಾಮನೆ, ಕಟ್ಟುಪಾಡಿಲ್ಲದ ಜೀವನ, ಹಿಂದಿನ ಅಪರಾಧಗಳ ಸಂಖ್ಯೆ ಇಂಥ ನೀರಸ ಸಂಗತಿಗಳೇ ಹೆಚ್ಚು ಮಾತಾಡಿದವು. ಇಂಗ್ಲೆಂಡಿನ ಅನುಭವ ಇದಕ್ಕಿಂತಲೂ ಬೆರಗು ಹುಟ್ಟಿಸುವಂಥದು. ಅಲ್ಲಿಯ ಸೆರೆಮನೆಗಳಲ್ಲಿ ತೊಂಬತ್ತರ ದಶಕದ ಮೊದಲಿನಿಂದ ಲೈಂಗಿಕ ಅಪರಾಧಿಗಳಿಗಾಗಿ ಒಂದು ಚಿಕಿತ್ಸಾಕ್ರಮ ನಡೆಯುತ್ತಿತ್ತು. ಗುಂಪಿನಲ್ಲಿ ಕುಳಿತು ತಾನು ಮಾಡಿದ್ದನ್ನು ಬಿಡಿಸಿ ಹೇಳಬೇಕು, ಹೊಣೆ ಒಪ್ಪಿಕೊಳ್ಳಬೇಕು, ನೊಂದವರ ಸ್ಥಾನದಲ್ಲಿ ನಿಂತು ನೋಡಬೇಕು. ಕಾಗದದ ಮೇಲೆ ಇದಕ್ಕಿಂತ ಸೊಗಸಾದ ಕ್ರಮವಿಲ್ಲ. 2017ರಲ್ಲಿ ಅಲ್ಲಿಯ ನ್ಯಾಯ ಇಲಾಖೆಯೇ 2,562 ಮಂದಿ ಚಿಕಿತ್ಸಿತರನ್ನು ಚಿಕಿತ್ಸೆ ಪಡೆಯದ 13,219 ಮಂದಿಯೊಡನೆ ಹೋಲಿಸಿ ನೋಡಿದಾಗ, ಸುಮಾರು ಎಂಟು ವರ್ಷಗಳಲ್ಲಿ ಮತ್ತೆ ಲೈಂಗಿಕ ಅಪರಾಧ ಎಸಗಿದವರು ಚಿಕಿತ್ಸೆ ಪಡೆಯದವರಲ್ಲಿ ನೂರಕ್ಕೆ 8, ಪಡೆದವರಲ್ಲಿ ನೂರಕ್ಕೆ 10! ಆ ಕ್ರಮವನ್ನು ನಿಲ್ಲಿಸಿದರು. ಎಲ್ಲರೂ ಸುತ್ತ ಕುಳಿತು ಅದನ್ನೇ ಆಡಿ ಆಡಿ ಅದು ಸಾಮಾನ್ಯವಾಗಿಬಿಟ್ಟಿರಬಹುದೆಂಬುದು ಒಂದು ಊಹೆ. ತಮ್ಮ ಕೆಲಸ ವಿಫಲವಾಯಿತೆಂದು ಸರಕಾರವೊಂದು ತಾನೇ ಲೆಕ್ಕ ಹಾಕಿ ಪ್ರಕಟಿಸಿದ್ದು ದೊಡ್ಡ ಮಾತು. ನಮ್ಮಲ್ಲಿ ಚಿಕಿತ್ಸೆಯೂ ಇಲ್ಲ, ಲೆಕ್ಕವೂ ಇಲ್ಲ.

ಹಾಗಾದರೆ ಯಾರೂ ತಿದ್ದಿಕೊಳ್ಳುವುದೇ ಇಲ್ಲವೆ? 1974ರಲ್ಲಿ ರಾಬರ್ಟ್ ಮಾರ್ಟಿನ್‌ಸನ್ ಬರೆದ ಲೇಖನವೊಂದನ್ನು ಅಮೆರಿಕ ಹಾಗೆಯೇ ಅರ್ಥಮಾಡಿಕೊಂಡಿತು. ಸೆರೆಮನೆಗಳು ಬೆಳೆದವು, ಅಲ್ಲಿಯ ಪಾಠಶಾಲೆಗಳು ಸೊರಗಿದವು. ಆಮೇಲೆ ಕೆನಡದ ಆಂಡ್ರೂಸ್ ಮತ್ತು ಬೊಂಟಾ ಮೊದಲಾದವರು ಹೆಚ್ಚು ತಾಳ್ಮೆಯಿಂದ ವಿಚಾರಿಸಿ, ಅಪಾಯ ಹೆಚ್ಚಿರುವವನಿಗೆ ಹೆಚ್ಚಿನ ಶ್ರಮ, ಕುಡಿತ, ಸಹವಾಸ, ನಿರುದ್ಯೋಗಗಳಂಥ ಬದಲಾಯಿಸಬಹುದಾದ ಕಾರಣಗಳ ಕಡೆ ಗಮನ, ಕಲಿಯುವವನ ಶಕ್ತಿಗೆ ತಕ್ಕ ಪಾಠ ಎಂಬ ಮೂರು ಸೂತ್ರಗಳನ್ನು ಇಟ್ಟರು. ಇವುಗಳನ್ನು ಪಾಲಿಸಿದ ಕಡೆ ಫಲ ಕಂಡಿದೆ. ಮಾಯಾಜಾಲದ ಫಲವಲ್ಲ, ನೂರರಲ್ಲಿ ಹಲವರನ್ನು ಉಳಿಸುವಷ್ಟು. 2001ರಲ್ಲಿ ಶ್ಯಾಡ್ ಮರೂನ ಎಂಬ ವಿದ್ವಾಂಸ ಲಿವರ್‌ಪೂಲಿನ ಹಳೆಯ ಅಪರಾಧಿಗಳನ್ನು ಮಾತಾಡಿಸಿ ಬರೆದ ಪುಸ್ತಕವು ಸಾಹಿತ್ಯದವರಿಗೆ ಹೆಚ್ಚು ರುಚಿಸಬಹುದು. ಅಪರಾಧ ಬಿಟ್ಟವರು ತಮ್ಮ ಬಾಳಿನ ಕಥೆಯನ್ನು ಬೇರೆ ರೀತಿಯಲ್ಲಿ ಹೇಳಿಕೊಳ್ಳುತ್ತಿದ್ದರು. ನಾನು ಮೂಲತಃ ಒಳ್ಳೆಯವನೇ, ಕೆಟ್ಟ ಕಾಲ ನನ್ನನ್ನು ಎಳೆದುಕೊಂಡು ಹೋಯಿತು, ಈಗ ನನ್ನ ಬಾಳಿನಿಂದ ಇತರರಿಗೆ ಉಪಯೋಗವಾಗಬೇಕು ಎಂಬುದು ಆ ಕಥೆಯ ಧಾಟಿ. ತಪ್ಪನ್ನೆಲ್ಲ ತಲೆಯ ಮೇಲೆ ಹೊತ್ತು ಕುಗ್ಗಿದವನಿಗಿಂತ, ಕಾಲವನ್ನು ತುಸು ದೂರಿದವನು ಮೇಲೇಳುವುದು ಸುಲಭವಾಯಿತೆಂದು ತೋರುತ್ತದೆ.

ಈಗ ಆ 'ವಿಧಿ'ಯ ಶ್ಲೇಷೆಗೆ ಬರಬಹುದು. ನಮ್ಮ ಹಳ್ಳಿಯ ಕೈದಿಯೊಬ್ಬ ಪರೀಕ್ಷಕನ ಮುಂದೆ ಕುಳಿತಿದ್ದಾನೆನ್ನಿ. ಏಕೆ ಹೀಗೆ ಮಾಡಿದೆ ಎಂಬ ಪ್ರಶ್ನೆಗೆ ಆತ, "ನನ್ನ ಹಣೇಬರ, ಕೆಟ್ಟ ಗಳಿಗೆ, ನನ್ನ ಕೈಯಿಂದ ತಪ್ಪಾಯ್ತು ಸ್ವಾಮಿ" ಎನ್ನುತ್ತಾನೆ. ಕನ್ನಡ ಬಲ್ಲ ಯಾರಿಗಾದರೂ ಇದರಲ್ಲಿ ಪಶ್ಚಾತ್ತಾಪ ಕೇಳಿಸುತ್ತದೆ. 'ತಪ್ಪು ಮಾಡಿದೆ' ಎಂಬುದು ನಮ್ಮಲ್ಲಿ ಒಂದು ಸಂಗತಿಯ ನಿರೂಪಣೆ; ಕಾಲಿಗೆ ಬಿದ್ದು ಕೇಳುವ ಕ್ಷಮೆಯ ಮಾತು 'ತಪ್ಪಾಯಿತು'. ಕರ್ತೃವನ್ನು ಮರೆಮಾಡುವ ಆ ಕ್ರಿಯಾಪದದಲ್ಲಿ ತಪ್ಪಿಸಿಕೊಳ್ಳುವಿಕೆಯಿಲ್ಲ, ನಾನು ಎಂಬುದನ್ನು ಕೆಳಗೆ ಇಡುವ ವಿನಯವಿದೆ. ಆದರೆ ಈ ಮಾತುಗಳು ಇಂಗ್ಲಿಷಿಗೆ ತಿರುಗಿ, ವರದಿಯ ನಮೂನೆಯನ್ನು ಸೇರಿ, ದೆಹಲಿಗೆ ತಲುಪುವ ಹೊತ್ತಿಗೆ ಏನಾಗುತ್ತವೆ? ಕೈದಿಯು ಹೊಣೆಯನ್ನು ವಿಧಿಯ ಮೇಲೆ ಹೊರಿಸುತ್ತಾನೆ, ತಾನು ಮಾಡಿದನೆಂದು ಒಪ್ಪಿಕೊಳ್ಳುವುದಿಲ್ಲ ಎಂದಾಗುವ ಸಂಭವ ಹೆಚ್ಚು. ವ್ಯಾಕರಣದ ಒಂದು ಪ್ರಯೋಗ ಮನುಷ್ಯನ ಕೊರಳಿಗೆ ಬರಬಹುದೆಂಬುದು ಅತಿಶಯೋಕ್ತಿಯಲ್ಲ. ಮನಸ್ಸನ್ನು ಅಳೆಯುವ ಪ್ರಶ್ನಾವಳಿಗಳು ಬಹುಮಟ್ಟಿಗೆ ಉತ್ತರ ಅಮೆರಿಕದಲ್ಲಿ ಹುಟ್ಟಿದವು. ರಾಬರ್ಟ್ ಹೇರ್ ರೂಪಿಸಿದ ಪ್ರಖ್ಯಾತ ಪಟ್ಟಿಯ ಇಪ್ಪತ್ತು ಅಂಶಗಳಲ್ಲಿ ಪಶ್ಚಾತ್ತಾಪವಿಲ್ಲದಿರುವುದು ಒಂದು, ತನ್ನ ಕೃತ್ಯಕ್ಕೆ ಹೊಣೆ ಒಪ್ಪದಿರುವುದು ಇನ್ನೊಂದು. ಬಳ್ಳಾರಿಯ ಕನ್ನಡವನ್ನೋ ಲಂಬಾಣಿಯನ್ನೋ ಆಡುವವನಿಗೆ ಈ ಎರಡು ಅಂಕಗಳನ್ನು ಹಾಕುವಾತ ಆ ಮಾತನ್ನು ಒಳಗಿನಿಂದ ಬಲ್ಲವನಾಗಿರಬೇಡವೆ?

ಅಂಥವರು ಎಷ್ಟು ಮಂದಿ ಇದ್ದಾರೆ ಎಂಬುದು ಮುಂದಿನ ಪ್ರಶ್ನೆ. ಸೆರೆಮನೆಯ ಜನರ ಮನಸ್ಸಿನ ಸ್ಥಿತಿ ಹೇಗಿದೆ ಎಂಬುದು ಗೊತ್ತಿಲ್ಲದ್ದೇನಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದ 5,024 ಮಂದಿಯನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾದಕ ವ್ಯಸನವನ್ನು ಬಿಟ್ಟು ಲೆಕ್ಕ ಹಾಕಿದರೂ ನೂರಕ್ಕೆ 27ಕ್ಕಿಂತ ಹೆಚ್ಚು ಮಂದಿಗೆ ಮಾನಸಿಕ ಕಾಯಿಲೆಯಿತ್ತು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಸಂಶೋಧಕರು ಗಲ್ಲಿಗೆ ಕಾದಿದ್ದ 88 ಮಂದಿಯನ್ನು ಕುರಿತು 2021ರಲ್ಲಿ ಹೊರತಂದ ವರದಿಯ ಪ್ರಕಾರ ಅವರಲ್ಲಿ ನೂರಕ್ಕೆ 62 ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ, ನೂರಕ್ಕೆ 11 ಮಂದಿಗೆ ಬೌದ್ಧಿಕ ನ್ಯೂನತೆ. 2016ರ ಮಾದರಿ ಕಾರಾಗೃಹ ಕೈಪಿಡಿಯು 500 ಸೆರೆವಾಸಿಗಳಿಗೆ ಒಬ್ಬ ಮನಶ್ಶಾಸ್ತ್ರಜ್ಞ ಇರಬೇಕೆನ್ನುತ್ತದೆ. ಐದು ಲಕ್ಷಕ್ಕೂ ಮೀರಿದ ಸೆರೆವಾಸಿಗಳಿಗೆ ದೇಶದ ಕಾರಾಗೃಹಗಳಲ್ಲಿ ಇಪ್ಪತ್ತೈದರಷ್ಟು ಮಂದಿ ಇದ್ದಾರೆಂದು 2025ರ ಇಂಡಿಯಾ ಜಸ್ಟಿಸ್ ರಿಪೋರ್ಟ್ ಹೇಳಿತು. ಹೀಗಿರುವಲ್ಲಿ ವರದಿ ಬರೆಯುವವನು ಜಿಲ್ಲಾಸ್ಪತ್ರೆಯಿಂದ ಒಂದು ಮಧ್ಯಾಹ್ನ ಬಂದುಹೋಗುವವನಾಗುತ್ತಾನೆ, ವರದಿಯು ರುಜು ಮೊಹರುಗಳಿರುವ ಒಂದು ಪುಟವಾಗುತ್ತದೆ. ಅಂಥ ಪುಟವನ್ನು ಮನೋಜ್ ತೀರ್ಪು ಕೇಳಿರಲಿಲ್ಲ.

ಮೈಸೂರಿನಲ್ಲಿ ರಂಗಾಯಣದ ಕಲಾವಿದರಾದ ಹುಲುಗಪ್ಪ ಕಟ್ಟೀಮನಿಯವರು ಸೆರೆವಾಸಿಗಳನ್ನು ಕಟ್ಟಿಕೊಂಡು ವರ್ಷಗಟ್ಟಲೆ ನಾಟಕವಾಡಿಸಿದ್ದು ಅನೇಕ ವಾಚಕರಿಗೆ ಗೊತ್ತು. ನಾಟಕವಾಡಿದವರು ಮತ್ತೆ ಅಪರಾಧ ಮಾಡಲಿಲ್ಲವೆಂದು ಸಿದ್ಧಪಡಿಸುವುದು ಬೇರೆಯ ಕೆಲಸ. ಆದರೆ ಒಬ್ಬ ಮನುಷ್ಯನನ್ನು ಆರು ತಿಂಗಳು ದಿನವೂ ಕಂಡು ಮಾತಾಡಿಸಿದವನ ಸಾಕ್ಷ್ಯಕ್ಕೂ, ಒಂದು ಮಧ್ಯಾಹ್ನದ ಸಾಕ್ಷ್ಯಕ್ಕೂ ಬೆಲೆ ಒಂದೇ ಆಗಲಾರದು. ಸೆರೆಮನೆಯ ಶಾಲೆಯ ಮೇಷ್ಟರು, ನೇಯ್ಗೆ ಕಲಿಸುವವರು, ಪಹರೆಯವರು ಕಂಡದ್ದಕ್ಕೂ ವರದಿಯಲ್ಲಿ ಸ್ಥಳವಿರಬೇಕು.

ನನ್ನ ವೃತ್ತಿಗೆ ಹತ್ತಿರದ ಇನ್ನೊಂದು ಮಾತನ್ನು ಹೇಳುವೆನು. ಹಳೆಯ ಗ್ರಂಥಗಳನ್ನು ಸಂಪಾದಿಸುವ ವಿದ್ವಾಂಸರು ತಮಗೆ ಸರಿಯೆಂದು ತೋರಿದ ಪಾಠವನ್ನು ಮೇಲೆ ಅಚ್ಚಿಸಿ, ಪ್ರತಿಗಳಲ್ಲಿದ್ದ ಪಾಠಾಂತರಗಳನ್ನು ಅಡಿಯಲ್ಲಿ ಕೊಡುತ್ತಾರೆ. ಓದುಗನಿಗೆ ಅನುಮಾನ ಬಂದರೆ ನೋಡಿಕೊಳ್ಳಲಿ ಎಂದು. ಕೈದಿಯ ಮನಸ್ಸನ್ನು ಕುರಿತ ವರದಿಯಲ್ಲಿಯೂ ಪರೀಕ್ಷಕನ ಇಂಗ್ಲಿಷ್ ನಿರ್ಣಯದ ಪಕ್ಕದಲ್ಲಿ, ಆತ ಆಡಿದ ಮಾತು ಆತನ ಭಾಷೆಯಲ್ಲಿಯೇ, ಆತನ ಊರಿನ ಉಚ್ಚಾರಣೆಯಲ್ಲಿಯೇ, ಕೇಳಿದ ಪ್ರಶ್ನೆಯ ಸಮೇತ ಇರಲಿ. ಮೇಲಿನ ನ್ಯಾಯಾಲಯದಲ್ಲಿ ಕನ್ನಡ ಬಲ್ಲ ವಕೀಲರೊಬ್ಬರು ಅದನ್ನು ಓದಿ, "ಸ್ವಾಮಿ, ಇಲ್ಲಿ 'ತಪ್ಪಾಯ್ತು' ಎಂದಿದ್ದಾನೆ" ಎಂದು ಎದ್ದುನಿಂತು ಹೇಳುವುದಕ್ಕೆ ಅಷ್ಟಾದರೂ ಬೇಕು.