ದೋಣಿಯ ಗೂಟವೂ ಪಕ್ಕದ ಟಯರೂ

ಕಳೆದ ತಿಂಗಳ ಒಂದು ಭಾನುವಾರ ಚಿಕ್ಕಪ್ಪನ ಮಗ ದೂರವಾಣಿ ಮಾಡಿದ. "ಅಣ್ಣಾ, ಕೊಚ್ಚಿಯಿಂದ ಒಂದು ಹಳೆಯ ದೋಣಿ ತರಿಸಿದ್ದೇನೆ. ಕಾಗದಪತ್ರ ಸರಿ ಇದೆಯೋ ಇಲ್ಲವೋ ನೀನೇ ಬಂದು ನೋಡಬೇಕು" ಎಂದ. ತೋಟದ ಮನೆಯಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುವ ವ್ಯವಹಾರವನ್ನು ಅವನು ನಡೆಸಿಕೊಂಡು ಬಂದು ನಾಲ್ಕು ವರ್ಷಗಳಾದವು. ತೋಟದ ದೊಡ್ಡ ಕೆರೆಯಲ್ಲಿ ಅತಿಥಿಗಳನ್ನು ಕೂರಿಸಿ ಒಂದು ಸುತ್ತು ಹಾಕಿಸಬೇಕೆಂಬುದು ಅವನ ಆಸೆ.

ದೋಣಿ ನಿಜವಾಗಿಯೂ ಚೆಲುವಾಗಿತ್ತು. ಹದಿನಾಲ್ಕು ಅಡಿ ಉದ್ದ, ಮರದ ಮೈ, ವಾರ್ನಿಷಿನ ಹೊಳಪು, ಕಾರಿಗಿರುವಂಥ ಚುಕ್ಕಾಣಿ ಚಕ್ರ, ಹಿಂದೆ ಸಣ್ಣದೊಂದು ಯಂತ್ರ. ಐವತ್ತು ವರ್ಷಗಳ ಹಿಂದೆ ಯಾವನೋ ಶೋಕಿಯವನು ಮಾಡಿಸಿಕೊಂಡದ್ದಿರಬೇಕು. ಕಾಗದಗಳನ್ನು ಓದಿ ಮುಗಿಸಿದ ಮೇಲೆ ಕೆರೆಯ ದಂಡೆಗೆ ಹೋದೆ. ಅಲ್ಲಿ ದೋಣಿಯನ್ನು ಕಟ್ಟಿದ್ದ ಬಗೆಯನ್ನು ಕಂಡು ನಿಂತುಬಿಟ್ಟೆ. ನೀಲಿ ಪ್ಲಾಸ್ಟಿಕ್ ಹಗ್ಗವೊಂದನ್ನು ಗಾಜಿನ ಚೌಕಟ್ಟಿಗೆ ಸುತ್ತಿ, ದಂಡೆಯ ಅಡಿಕೆ ಮರಕ್ಕೆ ಬಿಗಿದಿದ್ದರು. ಗಾಳಿ ಬಂದಾಗಲೆಲ್ಲ ದೋಣಿಯ ಬದಿ ಕಲ್ಲಿನ ಮೆಟ್ಟಿಲಿಗೆ ಹೋಗಿ ಬಡಿಯುತ್ತಿತ್ತು. ಚಿಕ್ಕಪ್ಪ ತುಸು ದೂರದಲ್ಲಿ ಕುರ್ಚಿಯ ಮೇಲೆ ಕುಳಿತು ಆ ಸದ್ದನ್ನೇ ಆಲಿಸುತ್ತಿದ್ದರು. ಅವರ ಬಲಗೈಯಲ್ಲಿ ಮೂರೇ ಬೆರಳುಗಳು.

ಆ ಎರಡು ಬೆರಳುಗಳ ಕಥೆಯನ್ನು ಮೊದಲು ಹೇಳಬೇಕು. ಪನಮರಂ ಹೊಳೆಯೂ ಮಾನಂದವಾಡಿ ಹೊಳೆಯೂ ಕೂಡಿ ಆದ ಕಬಿನಿಯು ನಮ್ಮ ವಯನಾಡಿನಿಂದ ಪೂರ್ವಕ್ಕೆ ಹರಿದು, ಕರ್ನಾಟಕವನ್ನು ಸೇರಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಒದಗುತ್ತದೆ. ಪುಲ್ಪಳ್ಳಿಯ ಆಚೆ ಈ ಹೊಳೆಯೇ ಎರಡು ರಾಜ್ಯಗಳ ಗಡಿ. ಈ ದಡದಲ್ಲಿ ಪೆರಿಕ್ಕಲ್ಲೂರು, ಆ ದಡದಲ್ಲಿ ಹೆಗ್ಗಡದೇವನಕೋಟೆ ತಾಲೂಕಿನ ಬೈರಕುಪ್ಪೆ. ಸಂತೆಗೆ, ಆಸ್ಪತ್ರೆಗೆ, ನೆಂಟರ ಮನೆಗೆ ದೋಣಿಯಲ್ಲಿಯೇ ಹೊಳೆ ದಾಟುವ ರೂಢಿ ಹಿಂದಿನಿಂದಲೂ ಇದೆ. ಹೀಗೆ ಹೊಳೆ ದಾಟುವ ಒಂದು ಕಡವಿನಲ್ಲಿ, ನಾನು ಏಳನೆಯ ತರಗತಿಯಲ್ಲಿದ್ದಾಗ, ಚಿಕ್ಕಪ್ಪನೂ ನಾನೂ ದೋಣಿಯಿಂದ ಇಳಿಯುವವರಿದ್ದೆವು. ಮಳೆಗಾಲದ ಸೆಳೆತ. ದೋಣಿಯ ಮೂತಿ ದಡ ಮುಟ್ಟಿತು, ಹಿಂಭಾಗ ತಿರುಗಿತು. ನಾನು ಅಂಚಿನಲ್ಲಿದ್ದೆ. ಬದಿಯು ಕಲ್ಲಿಗೆ ಅಪ್ಪಳಿಸುವುದನ್ನು ಕಂಡು ಚಿಕ್ಕಪ್ಪ ಕೈಚಾಚಿ ಕಲ್ಲನ್ನು ಒತ್ತಿ ಹಿಡಿದರು. ದೋಣಿ ನಿಲ್ಲಲಿಲ್ಲ. ಕಿರುಬೆರಳು, ಉಂಗುರಬೆರಳು ಎರಡೂ ಜಜ್ಜಿಹೋದವು; ಆಸ್ಪತ್ರೆಯಲ್ಲಿ ಅವನ್ನು ತೆಗೆದರು. ಮೆಣಸು ಕೊಯ್ಯಲು ಏಣಿ ಹತ್ತುತ್ತಿದ್ದವರು ಮತ್ತೆ ಹತ್ತಲಿಲ್ಲ. ಯಾರ ಮೇಲೂ ದಾವೆ ಹೂಡಲಿಲ್ಲ. ಕೇಳಿದವರಿಗೆಲ್ಲ ಅವರು ಹೇಳಿದ್ದು ಒಂದೇ ಮಾತು: "ನಂದೇ ತಪ್ಪು, ಕೈ ಕೊಡಬಾರದಿತ್ತು."

ಆ ದೋಣಿಯಲ್ಲಿ ಇಲ್ಲದಿದ್ದ ವಸ್ತುಗಳು ಎರಡು. ಹಗ್ಗವನ್ನು ತಕ್ಷಣ ಸುತ್ತಿ ನಿಲ್ಲಿಸಬಲ್ಲ ಒಂದು ಗಟ್ಟಿ ಗೂಟ. ಬದಿಗೂ ಕಲ್ಲಿಗೂ ನಡುವೆ ತೂಗುವ ಒಂದು ಮೆತ್ತೆ. ಮೊದಲನೆಯದನ್ನು ದೋಣಿಯವರು ಕ್ಲೀಟ್ ಎನ್ನುತ್ತಾರೆ: ಎರಡು ಕೊಂಬುಗಳುಳ್ಳ ಲೋಹದ ಗೂಟ. ಎರಡನೆಯದು ಫೆಂಡರ್. ಕೊಚ್ಚಿಯ ಜೆಟ್ಟಿಗಳಲ್ಲಿ ಹಳೆಯ ಟಯರುಗಳು ತೂಗುತ್ತಿರುವುದನ್ನು ಓದುಗರು ಕಂಡಿರಬಹುದು. ಅವು ಮಾಡುವ ಕೆಲಸವೂ ಇದೇ.

ಮರುವಾರ ನಮ್ಮೂರ ಮರಗೆಲಸದ ಆಚಾರಿಯನ್ನೂ, ಕೊಚ್ಚಿಯ ದೋಣಿ ಕಾರ್ಖಾನೆಯಲ್ಲಿ ದುಡಿದು ಬಂದ ಒಬ್ಬ ಮೇಸ್ತ್ರಿಯನ್ನೂ ಕರೆಸಿದೆವು. ಅವರಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ. ಹೋಂಸ್ಟೇಗಳ ಕೆರೆಗಳಲ್ಲಿ ದೋಣಿ ಇಳಿಸುವ ಹುರುಪು ಈಗ ಹೆಚ್ಚುತ್ತಿರುವುದರಿಂದ ಕೆಲವರಿಗಾದರೂ ಉಪಯೋಗವಾದೀತು.

ಕ್ಲೀಟನ್ನು ಬರಿಯ ಸ್ಕ್ರೂಗಳಿಂದ ಕೂರಿಸಬಾರದು. ಗಾಳಿ ಎಳೆದಾಗ ಸ್ಕ್ರೂ ಮರವನ್ನು ಹರಿದುಕೊಂಡು ಬಂದುಬಿಡುತ್ತದೆ. ಹಲಗೆಯನ್ನು ಆರಪಾರ ಕೊರೆದು, ಬೋಲ್ಟು ಹಾಕಿ, ಅಡಿಯಲ್ಲಿ ಕ್ಲೀಟಿಗಿಂತ ಅಗಲವಾದ ಒಂದು ಲೋಹದ ಅಥವಾ ಗಟ್ಟಿಮರದ ಪಟ್ಟಿಯಿಟ್ಟು, ಅದರ ಮೇಲೆ ವಾಷರು, ನಟ್ಟು ಬಿಗಿಯಬೇಕು. ಎಳೆತದ ಭಾರ ಆಗ ನಾಲ್ಕು ರಂಧ್ರಗಳ ಮೇಲೆ ಬೀಳದೆ ಇಡೀ ಪಟ್ಟಿಯ ಮೇಲೆ ಹಂಚಿಹೋಗುತ್ತದೆ. ಮರದ ದೋಣಿಗೆ ಇನ್ನೊಂದು ಎಚ್ಚರವೂ ಬೇಕು. ಕೊರೆದ ರಂಧ್ರದೊಳಕ್ಕೆ ನೀರು ಇಳಿದರೆ ನಮ್ಮ ವಯನಾಡಿನ ಮಳೆಗೆ ಎರಡು ವರ್ಷದಲ್ಲಿ ಸುತ್ತಲಿನ ಮರ ಕೊಳೆತೀತು. ಆದುದರಿಂದ ರಂಧ್ರವನ್ನು ಬೇಕಾದುದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಒಣಗಿದ ಮೇಲೆ ಮತ್ತೆ ನಡುವೆ ಕೊರೆದು, ಸೀಲಂಟ್ ಹಚ್ಚಿ ಬೋಲ್ಟು ಹಾಕಿದರು. ಬೋಲ್ಟುಗಳು ತುಕ್ಕು ಹಿಡಿಯದ ಉಕ್ಕಿನವು.

ಅಳತೆಗೂ ಒಂದು ರೂಢಿಯ ಲೆಕ್ಕವಿದೆ. ಹಗ್ಗದ ದಪ್ಪ ಒಂದು ಇಂಚಿನ ಹದಿನಾರನೆಯ ಒಂದು ಭಾಗದಷ್ಟಾದರೆ ಕ್ಲೀಟಿನ ಉದ್ದ ಒಂದು ಇಂಚು. ಅಂದರೆ ಅರ್ಧ ಇಂಚಿನ ಹಗ್ಗಕ್ಕೆ 8 ಇಂಚಿನ ಕ್ಲೀಟು. ಹಗ್ಗ ನೈಲಾನಿನದಾದರೆ ಒಳ್ಳೆಯದು. ಅದು ತುಸು ಹಿಗ್ಗಿ ಜಗ್ಗಾಟವನ್ನು ನುಂಗುತ್ತದೆ. ಅಂಗಡಿಯ ಅಗ್ಗದ ನೀಲಿ ಹಗ್ಗ ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ಕಟ್ಟುವಾಗ ಹಗ್ಗವನ್ನು ಮೊದಲು ದೂರದ ಕೊಂಬಿನ ಅಡಿಗೆ ಒಯ್ದು, ಬುಡಕ್ಕೆ ಒಂದು ಪೂರ್ಣ ಸುತ್ತು ಹಾಕಿ, ಕೊಂಬುಗಳ ಮೇಲೆ ಅಡ್ಡಲಾಗಿ ಒಂದು ಎಂಟರ ಆಕಾರದ ಸುತ್ತು ತಂದು, ಕೊನೆಯ ಸುತ್ತನ್ನು ತಿರುವಿ ತನ್ನದೇ ಅಡಿಗೆ ಸಿಕ್ಕಿಸಬೇಕು. ಅಷ್ಟೇ ಸಾಕು. ಹತ್ತು ಸುತ್ತು ಹಾಕಿದರೆ ಭದ್ರತೆ ಹೆಚ್ಚುವುದಿಲ್ಲ, ಅವಸರಕ್ಕೆ ಬಿಚ್ಚಲಾಗದು. ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳುವುದಂತೂ ಕೂಡದೇ ಕೂಡದು.

ಫೆಂಡರಿಗೆ ದೋಣಿಯ ಪ್ರತಿ ಐದು ಅಡಿ ಉದ್ದಕ್ಕೆ ಒಂದು ಇಂಚು ದಪ್ಪ ಎಂಬ ಲೆಕ್ಕ. ನಮ್ಮ ಹದಿನಾಲ್ಕು ಅಡಿಗೆ ಮೂರು ಇಂಚು ಸಾಕಾದರೂ ಕಲ್ಲಿನ ಮೆಟ್ಟಿಲೆಂದು ಐದು ಇಂಚಿನವನ್ನೇ ತಂದೆವು. ಒಂದು ಬದಿಗೆ ಮೂರು: ದೋಣಿ ಎಲ್ಲಿ ಅತ್ಯಂತ ಅಗಲವೋ ಅಲ್ಲಿ ಒಂದು, ಅದರ ಹಿಂದೊಂದು, ಮುಂದೊಂದು. ತೂಗುಹಾಕುವ ಎತ್ತರ ದಂಡೆಗೆ ತಕ್ಕಂತೆ ಇರಬೇಕು. ದೋಣಿಯ ಬದಿ ಕಲ್ಲಿಗೆ ಎಲ್ಲಿ ತಾಗುವುದೋ ಅಲ್ಲಿಯೇ ಫೆಂಡರು ಇರಬೇಕು; ಗೇಣಿನಷ್ಟು ಮೇಲಾದರೆ ಇದ್ದೂ ಇಲ್ಲದಂತೆ. ಅದನ್ನು ಗಾಜಿನ ಚೌಕಟ್ಟಿಗೋ ಕೈಪಿಡಿಗೋ ಕಟ್ಟದೆ ಕ್ಲೀಟಿಗೆ ಕಟ್ಟಬೇಕು. ಹಳೆಯ ಟಯರಾದರೂ ಆದೀತು; ಆದರೆ ಅದರ ಕಪ್ಪು ವಾರ್ನಿಷಿಗೆ ಹತ್ತುತ್ತದೆ, ಆದ್ದರಿಂದ ಗೋಣಿಬಟ್ಟೆ ಹೊಲಿಯಬೇಕು. ಬೇಸಿಗೆಯಲ್ಲಿ ನೀರು ಇಳಿಯುತ್ತದೆ, ಮಳೆಗಾಲದಲ್ಲಿ ಏರುತ್ತದೆ. ಹಗ್ಗದ ಸಡಿಲವನ್ನೂ ಫೆಂಡರಿನ ಎತ್ತರವನ್ನೂ ಆಗಾಗ ಸರಿಪಡಿಸದಿದ್ದರೆ ಎಲ್ಲವೂ ವ್ಯರ್ಥ.

ಇನ್ನು ಕಾನೂನಿನ ಮಾತು. 1917ರ ಒಳನಾಡು ಹಡಗುಗಳ ಕಾಯಿದೆಯ ಸ್ಥಾನದಲ್ಲಿ ಈಗ 2021ರ ಹೊಸ ಕಾಯಿದೆ ಬಂದಿದೆ. ಯಂತ್ರವಿರುವ ದೋಣಿಗೆ ತಪಾಸಣೆ, ನೋಂದಣಿ, ಜೀವರಕ್ಷಕ ಸಾಧನಗಳು ಇವೆಲ್ಲವನ್ನೂ ಅದು ವಿಧಿಸುತ್ತದೆ. ಹಣ ಪಡೆದು ಜನರನ್ನು ಅಸುರಕ್ಷಿತ ದೋಣಿಯಲ್ಲಿ ಅಥವಾ ಮಿತಿಮೀರಿ ತುಂಬಿದ ದೋಣಿಯಲ್ಲಿ ಕೊಂಡೊಯ್ಯುವುದು ಭಾರತೀಯ ನ್ಯಾಯ ಸಂಹಿತೆಯ 284ನೆಯ ಕಲಮಿನ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಸೆರೆವಾಸವಾಗಬಹುದು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ 45 ಮಂದಿ, 2023ರ ಮೇ 7ರಂದು ತಾನೂರಿನಲ್ಲಿ 22 ಮಂದಿ ಮುಳುಗಿ ಸತ್ತರು. ಆ ದುರಂತಗಳಿಗೆ ಗೂಟವೋ ಟಯರೋ ಕಾರಣವಲ್ಲ ಎಂಬುದು ನನಗೆ ಗೊತ್ತು. ಆದರೆ ಜನ ಸತ್ತಾಗ ಆಯೋಗ ಕೂರುತ್ತದೆ. ಬೆರಳು ಹೋದಾಗ ಯಾರೂ ಕೂರುವುದಿಲ್ಲ. ಆ ಲೆಕ್ಕವನ್ನು ನಾವೇ ಇಟ್ಟುಕೊಳ್ಳಬೇಕು.

ಗಾಯಗೊಂಡವರು ಟಿಕೇಟನ್ನು ಎಸೆಯಬಾರದು. ದೋಣಿಯ, ದಂಡೆಯ ಚಿತ್ರವನ್ನು ಅಂದೇ ತೆಗೆದಿಡಬೇಕು. ಆಸ್ಪತ್ರೆಯ ಗಾಯದ ಪತ್ರವನ್ನು ಪಡೆಯಬೇಕು. ಹಣ ಕೊಟ್ಟು ಪಡೆದ ಸೇವೆಯಾದರೆ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷಗಳ ಅವಧಿಯಿದೆ. ಇನ್ನು ಭಾಷೆಯ ವಿಷಯ. ನಮ್ಮವರಲ್ಲಿ ಅನೇಕರು ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆಯಲು ಹಿಂಜರಿದು ದೂರನ್ನೇ ಕೈಬಿಡುತ್ತಾರೆ. ಸಂವಿಧಾನದ 350ನೆಯ ವಿಧಿಯು ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. ಕಡವಿನಲ್ಲಿ ಗೂಟ ಸಡಿಲವಾಗಿದೆಯೆಂದು ಕನ್ನಡದಲ್ಲಿಯೇ ಬರೆದುಕೊಡಿ.

ಕೆಲಸ ಮುಗಿದ ಸಂಜೆ ಚಿಕ್ಕಪ್ಪನ ಪಕ್ಕ ಕುಳಿತೆ. ಮೂವತ್ತು ವರ್ಷಗಳಿಂದ ಹೇಳಬೇಕೆಂದಿದ್ದ ಮಾತನ್ನು ಆ ದಿನ ಹೇಳಿದೆ. ಹಠಾತ್ತನೆ ಅಪಾಯ ಎದುರಾದಾಗ, ಯೋಚಿಸಲು ಸಮಯವಿಲ್ಲದೆ ಮನುಷ್ಯ ಮಾಡಿದ ಕೆಲಸವನ್ನು ಕಾನೂನು ತಣ್ಣಗೆ ಕುಳಿತು ತೂಗುವುದಿಲ್ಲ. ಅಪಾಯವನ್ನು ತಂದೊಡ್ಡಿದವನನ್ನು ಕೇಳುತ್ತದೆಯೇ ಹೊರತು, ಕೈಚಾಚಿದವನನ್ನಲ್ಲ. ಕಾಲೇಜಿನಲ್ಲಿ ಈ ತತ್ತ್ವವನ್ನು ಓದಿದ ದಿನ ನನಗೆ ಕಣ್ಣೆದುರಿಗೆ ಬಂದದ್ದು ಅವರ ಕೈ. "ಚಿಕ್ಕಪ್ಪಾ, ಅದು ನಿಮ್ಮ ತಪ್ಪಾಗಿರಲಿಲ್ಲ" ಎಂದೆ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಆಗ್ಲೇ ಹೇಳ್ಬಾರದಿತ್ತೇನಯ್ಯಾ" ಎಂದರು. ಉತ್ತರ ನನ್ನಲ್ಲಿರಲಿಲ್ಲ. ಆ ದಿನ ಅಂಚಿನಲ್ಲಿ ನಿಂತಿದ್ದ ಹುಡುಗ ನಾನೇ ಎಂಬುದು ನಮ್ಮಿಬ್ಬರಿಗೂ ಗೊತ್ತು.

ಗಾಳಿ ಎದ್ದಿತು. ದೋಣಿ ಬಂದು ಮೆಟ್ಟಿಲಿಗೆ ಒರಗಿತು, ಸದ್ದಾಗಲಿಲ್ಲ. ಚಿಕ್ಕಪ್ಪ ಎದ್ದು ಹೋಗಿ, ಮಗ ಕಟ್ಟಿದ್ದ ಹಗ್ಗವನ್ನು ಬಿಚ್ಚಿ, ಮೂರು ಬೆರಳುಗಳಿಂದಲೇ ಬುಡಕ್ಕೊಂದು ಸುತ್ತು, ಅಡ್ಡಕ್ಕೊಂದು ಸುತ್ತು ಹಾಕಿ ಮತ್ತೆ ಕಟ್ಟಿದರು. ದೋಣಿಗೆ ನೋಂದಣಿ ಆಗುವವರೆಗೆ ಒಬ್ಬ ಅತಿಥಿಯನ್ನೂ ಕೂರಿಸಕೂಡದೆಂದು ನಾನು ತಮ್ಮನಿಗೆ ಬರೆದೇ ಕೊಟ್ಟು ಬಂದಿದ್ದೇನೆ.